ಕೊನೆಯ ಬೆಂಚಿನ ಲೆಕ್ಕ

ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿನ ಜಗಳಗಳಿಗೆ ಒಂದು ಕ್ರಮವಿದೆ. ಸಾರಿಗೆ ಉಪ್ಪು ಸಾಲದೆಂದು ಶುರುವಾಗಿ, ನಡುವೆ ರಾಜಕೀಯಕ್ಕೆ ಹೊರಳಿ, ಮಜ್ಜಿಗೆಯ ಹೊತ್ತಿಗೆ ಕ್ರಿಕೆಟ್ಟಿನಲ್ಲಿ ಮುಗಿಯುತ್ತದೆ. 2025ರ ದಸರಾ ರಜೆಯಲ್ಲಿ ಮಾತ್ರ ಈ ಕ್ರಮ ತಪ್ಪಿತು. ನನ್ನ ಮಗನೂ ನನ್ನ ಅಣ್ಣನ ಮಗನೂ ಎಂಜಲು ಕೈ ಒಣಗಿಸಿಕೊಂಡು ಒಂದು ಗಂಟೆ ವಾದ ಮಾಡಿದರು. ಒಬ್ಬ ‘ಹಸಿರು’ ಎನ್ನುತ್ತಾನೆ, ಇನ್ನೊಬ್ಬ ‘ಕೆಂಪು’ ಎನ್ನುತ್ತಾನೆ. ಯಾವುದೋ ಪಕ್ಷದ ಮಾತಿರಬೇಕೆಂದು ನಮ್ಮ ಮನೆಯವರು ಉತ್ಸಾಹದಿಂದ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ತಿಳಿಯಿತು, ಅದು ಕಂಪ್ಯೂಟರಿನಲ್ಲಿ ಆಟ ಆಡಲು ಬೇಕಾದ ಗ್ರಾಫಿಕ್ಸ್ ಕಾರ್ಡಿನ ಜಗಳ. ಹಸಿರೆಂದರೆ ಎನ್ವಿಡಿಯಾ ಕಂಪನಿ, ಕೆಂಪೆಂದರೆ ಎಎಂಡಿ. ಅವರು ನಿರಾಶೆಯಿಂದ ಕೈ ತೊಳೆಯಲು ಎದ್ದರು.

ಜಗಳದ ಮೂಲ ನಾನೇ. ಮಗ ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದರೆ ಒಂದು ಒಳ್ಳೆಯ ಕಾರ್ಡು ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ಚೀಟಿ ಎತ್ತಿದ ಹಣದಲ್ಲಿ ಮೂವತ್ತಮೂರು ಸಾವಿರ ಅದಕ್ಕೆಂದೇ ತೆಗೆದಿಟ್ಟಿದ್ದೆ. ಆಟದ ಸಾಮಾನಿಗೆ ಇಷ್ಟು ಹಣವೇ ಎಂದು ನೀವು ಹುಬ್ಬೇರಿಸಬಹುದು. ನಾನೂ ಏರಿಸಿದ್ದೆ. ಆದರೆ ಮಧ್ಯಾಹ್ನದ ಕೆಲಸ ಮುಗಿಸಿ ಹಜಾರದ ನೆಲದ ಮೇಲೆ ಸುಣ್ಣದಕಡ್ಡಿಯಲ್ಲಿ ಚೌಕಾಬಾರದ ಮನೆ ಬರೆದು ಕೂರುತ್ತಿದ್ದ ನಮ್ಮ ತಾಯಿಯ ಮುಖ ನೆನಪಾದಾಗ, ಆಟಕ್ಕೆ ಬೆಲೆಯಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರಿಗೆ ಕವಡೆ ಸಾಕಾಗಿತ್ತು, ಇವನಿಗೆ ಕಾರ್ಡು ಬೇಕಾಗಿದೆ, ಅಷ್ಟೆ.

“ಅತ್ತೆ, ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ” ಎಂದ ಅಣ್ಣನ ಮಗ. ಅವನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದುಕೊಂಡು ನಮ್ಮ ಮನೆಯಲ್ಲೇ ಇರುವವನು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸಿದವಳಿಗೆ ಅರ್ಥವಾಗುವುದಿಲ್ಲ ಎನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. “ಅರ್ಥ ಆಗೋ ಹಾಗೆ ಹೇಳೋದು ಹೇಳೋನ ಕೆಲಸ ಕಣೋ” ಎಂದು ಪಾಠಕ್ಕೆ ಕೂತೆ.

ನಾನು ತಿಳಿದುಕೊಂಡದ್ದು ಇಷ್ಟು. ಕಂಪ್ಯೂಟರಿನ ಪರದೆ ಎಂದರೆ ಚುಕ್ಕಿಗಳ ರಂಗೋಲಿ. ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿ. ಆಟದಲ್ಲಿ ಚಿತ್ರ ಸರಾಗವಾಗಿ ಚಲಿಸಬೇಕಾದರೆ ಸೆಕೆಂಡಿಗೆ ಅರವತ್ತು ಸಲವಾದರೂ ಈ ರಂಗೋಲಿಯನ್ನು ಅಳಿಸಿ ಹೊಸದಾಗಿ ಹಾಕಬೇಕು. ಅಂದರೆ ಒಂದು ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕಿ ಚುಕ್ಕಿಗಳಿಗೆ ಬಣ್ಣ ಹುಡುಕಬೇಕು. ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಜಾಣ ಗುಮಾಸ್ತನಂತೆ, ಎಂಥ ಕಷ್ಟದ ಕೆಲಸವನ್ನಾದರೂ ಮಾಡುತ್ತದೆ, ಆದರೆ ಒಮ್ಮೆಗೆ ಕೆಲವನ್ನು ಮಾತ್ರ. ಗ್ರಾಫಿಕ್ಸ್ ಕಾರ್ಡಿನಲ್ಲಿ ಸಾವಿರಾರು ಸಣ್ಣ ಲೆಕ್ಕಿಗರಿದ್ದಾರೆ. ಪ್ರತಿಯೊಬ್ಬನಿಗೂ ಬರುವುದು ಸುಲಭದ ಲೆಕ್ಕ, ಆದರೆ ಎಲ್ಲರೂ ಒಟ್ಟಿಗೆ ಮಾಡುತ್ತಾರೆ. ಹೀಗೆ ಒಂದು ಸೆಕೆಂಡಿಗೆ ಬರೆಯುವ ಚಿತ್ರಗಳ ಲೆಕ್ಕಕ್ಕೆ ಎಫ್‌ಪಿಎಸ್ ಎನ್ನುತ್ತಾರೆ. ಹುಡುಗರ ಲೋಕದಲ್ಲಿ ಅದೇ ಅಂಕ, ಅದೇ ರ‍್ಯಾಂಕು.

ಹಾಗಾದರೆ ಲೆಕ್ಕಿಗರು ಹೆಚ್ಚಿರುವ ಕಾರ್ಡೇ ಒಳ್ಳೆಯದಲ್ಲವೇ ಎಂದೆ. ಇಬ್ಬರೂ ಒಟ್ಟಿಗೆ ನಕ್ಕರು. ಅಷ್ಟರಮಟ್ಟಿಗೆ ನಾನು ಅವರನ್ನು ಒಂದು ಮಾಡಿದೆ. ಎನ್ವಿಡಿಯಾದ ಆರ್‌ಟಿಎಕ್ಸ್ 5060 ಎಂಬ ಕಾರ್ಡಿನಲ್ಲಿ ಅಂಥ ಲೆಕ್ಕಿಗರು 3840. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿಯಲ್ಲಿ 2048. ಆದರೂ ಹಲವು ಆಟಗಳಲ್ಲಿ ಎರಡನೆಯದೇ ಮುಂದೆ. ಎರಡು ಕಂಪನಿಗಳು ಎಣಿಸುವ ರೀತಿಯೇ ಬೇರೆಯಂತೆ. ಇದು ನನಗೆ ಥಟ್ಟನೆ ಅರ್ಥವಾಯಿತು. ಬಿಗಿಯಾಗಿ ತಿದ್ದುವ ಶಾಲೆಯ ಅರವತ್ತೂ ಸಡಿಲವಾಗಿ ತಿದ್ದುವ ಶಾಲೆಯ ಎಂಬತ್ತೂ ಹೀಗೆಯೇ.

ಇನ್ನು ವಾದಕ್ಕೆ ಬರೋಣ. ಎರಡು ಕಂಪನಿಗಳ ಮುಖ್ಯಸ್ಥರೂ, ಎನ್ವಿಡಿಯಾದ ಜೆನ್ಸನ್ ಹುವಾಂಗ್ ಮತ್ತು ಎಎಂಡಿಯ ಲಿಸಾ ಸು, ತೈವಾನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು, ಮೇಲಾಗಿ ದೂರದ ನೆಂಟರು. ನಮ್ಮ ಮನೆಯ ಭಾವ ಮೈದುನರ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕೆ? ಎರಡೂ ಕಂಪನಿಗಳ ಎಂಜಿನಿಯರುಗಳು ಬೆಂಗಳೂರಿನಲ್ಲಿದ್ದಾರೆ. ಎಎಂಡಿ 2023ರ ನವೆಂಬರಿನಲ್ಲಿ ಇಲ್ಲಿ ಐದು ಲಕ್ಷ ಚದರ ಅಡಿಯ ಹೊಸ ಕೇಂದ್ರವನ್ನೇ ತೆರೆಯಿತು. ಅವರೆಲ್ಲ ಬೆಳಿಗ್ಗೆ ಒಂದೇ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತಿರಬಹುದು. ಜಗಳ ನಮ್ಮ ಮನೆಯಲ್ಲಿ.

ಅಣ್ಣನ ಮಗನದು ಹಸಿರು ಪಕ್ಷ. ಎನ್ವಿಡಿಯಾದ ಹೊಸ ಕಾರ್ಡುಗಳು ತಾವು ನಿಜವಾಗಿ ಬರೆದ ಎರಡು ಚಿತ್ರಗಳ ನಡುವೆ, ಇಲ್ಲಿ ಹೀಗಿದ್ದಿರಬೇಕು ಎಂದು ಊಹಿಸಿದ ಚಿತ್ರಗಳನ್ನು ಸೇರಿಸುತ್ತವೆ, 2025ರಲ್ಲಿ ಮೂರರವರೆಗೂ ಸೇರಿಸುತ್ತಿದ್ದವು. ಹೀಗಾಗಿ ಎಫ್‌ಪಿಎಸ್ ಎರಡು ಮೂರು ಪಟ್ಟಾಗುತ್ತದೆ. 2025ರ ಜನವರಿಯಲ್ಲಿ ಹುವಾಂಗ್ ವೇದಿಕೆಯ ಮೇಲೆ ನಿಂತು, 549 ಡಾಲರಿನ 5070 ಕಾರ್ಡು 1599 ಡಾಲರಿಗೆ ಬಂದಿದ್ದ 4090ರಷ್ಟು ಕೆಲಸ ಮಾಡುತ್ತದೆ ಎಂದು ಸಾರಿದ್ದು ಈ ಊಹೆಯ ಚಿತ್ರಗಳನ್ನೂ ಲೆಕ್ಕಕ್ಕೆ ಹಿಡಿದು. “ಕಣ್ಣಿಗೆ ಸರಾಗವಾಗಿ ಕಂಡರೆ ಸಾಲದೇ ಅತ್ತೆ? ಒಳಗೆ ಹೇಗೆ ಬಂತು ಅಂತ ಯಾಕೆ ಬೇಕು?” ಎನ್ನುತ್ತಾನೆ ಅವನು.

ಮಗ ಒಪ್ಪುವುದಿಲ್ಲ. ಊಹೆಯ ಚಿತ್ರಕ್ಕೆ ನಾವು ಒತ್ತಿದ ಗುಂಡಿ ಗೊತ್ತಿರುವುದಿಲ್ಲ, ಆದ್ದರಿಂದ ಕಣ್ಣಿಗೆ ವೇಗ ಕಂಡರೂ ಕೈಗೆ ಸಿಗುವುದಿಲ್ಲ ಎಂಬುದು ಅವನ ವಾದ. “ಅದು ಕೃಪಾಂಕ ಇದ್ದ ಹಾಗೆ ಅಮ್ಮ” ಎಂದ. ನನಗೆ ನಗು ಬಂತು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್ ಕ್ಯಾಮೆರಾ ಬಂದು ಫಲಿತಾಂಶ ಕುಸಿದಾಗ ಕೃಪಾಂಕವನ್ನು ಶೇಕಡ 20ಕ್ಕೆ ಏರಿಸಿದರು. ಅಷ್ಟಾಗಿಯೂ ಫಲಿತಾಂಶ ಬಂದದ್ದು ಶೇಕಡ 73.40. ಆ ಅಂಕಪಟ್ಟಿಗಳನ್ನು ಕೈಯಾರೆ ಹಂಚಿದವಳು ನಾನು. ಕೃಪಾಂಕ ಪಡೆದ ಮಕ್ಕಳ ಬಗ್ಗೆ ನನಗೆ ಬೇಸರವಿಲ್ಲ, ಕೆಲವರಿಗೆ ಅದು ಬದುಕನ್ನೇ ಉಳಿಸಿದೆ. ಆದರೆ ಕೊಟ್ಟವರಿಗೆ ಅದು ಕೃಪೆಯೆಂದು ನೆನಪಿರಬೇಕು. ಊಹೆಯ ಚಿತ್ರದ ವಿಷಯದಲ್ಲೂ ನಾನು ಅಷ್ಟನ್ನೇ ಹೇಳಿದೆ. ಸೇರಿಸಲಿ, ಆದರೆ ಬೇರೆ ಕಾಲಮ್ಮಿನಲ್ಲಿ ಬರೆಯಲಿ. ಅಂದಹಾಗೆ ಕೆಂಪು ಕಂಪನಿಯೂ 2023ರಿಂದ ಇದೇ ಉಪಾಯ ಮಾಡುತ್ತಿದೆಯಂತೆ. ಮಗ ಇದನ್ನು ಮೆಲ್ಲನೆಯ ದನಿಯಲ್ಲಿ ಹೇಳಿದ.

ಮಾರನೆಯ ದಿನ ಮೂವರೂ ಎಸ್.ಪಿ. ರಸ್ತೆಗೆ ಹೋದೆವು. ಬೇಗೂರಿನಿಂದ ಹೊಂಗಸಂದ್ರದವರೆಗೆ ಆಟೋ, ಅಲ್ಲಿಂದ ಆಗಸ್ಟಿನಲ್ಲಷ್ಟೇ ಶುರುವಾಗಿದ್ದ ಹಳದಿ ಮಾರ್ಗದ ಮೆಟ್ರೊ, ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ತಂತಿ, ಬೋರ್ಡು, ಹಳೆಯ ಕಂಪ್ಯೂಟರು, ಹೊಸ ಕಂಪ್ಯೂಟರು ಎಲ್ಲ ಒಂದರ ಮೇಲೊಂದು ಕೂತಿರುತ್ತವೆ. ಅಂಗಡಿಯವರು ಎರಡು ಪೆಟ್ಟಿಗೆ ತಂದಿಟ್ಟರು. ಎರಡರ ಮೇಲೂ ಆರ್‌ಎಕ್ಸ್ 9060 ಎಕ್ಸ್‌ಟಿ ಎಂದೇ ಬರೆದಿತ್ತು. ತೆರಿಗೆ ಸೇರಿ ಒಂದಕ್ಕೆ ಸುಮಾರು ಮೂವತ್ತೊಂದು ಸಾವಿರ, ಇನ್ನೊಂದಕ್ಕೆ ನಲವತ್ತರ ಹತ್ತಿರ. ಏಕೆಂದು ಕೇಳಿದರೆ ಪೆಟ್ಟಿಗೆಯ ಮೂಲೆ ತೋರಿಸಿದರು. ಒಂದರಲ್ಲಿ 8 ಜಿಬಿ ಮೆಮೊರಿ, ಇನ್ನೊಂದರಲ್ಲಿ 16. 2025ರ ಜೂನಿನಲ್ಲಿ ಇವೆರಡೂ ಒಂದೇ ಹೆಸರಿನಲ್ಲಿ, 299 ಮತ್ತು 349 ಡಾಲರಿಗೆ, ಬಂದವು. ಹಸಿರು ಕಂಪನಿಯೂ ಏಪ್ರಿಲಿನಲ್ಲಿ 5060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಮತ್ತು 16ರ ಎರಡು ಕಾರ್ಡು ತಂದಿತ್ತು. ಸುಳ್ಳೇನಿಲ್ಲ, ಮೂಲೆಯಲ್ಲಿ ಬರೆದಿದೆ. ಆದರೆ ಅವಳಿ ಮಕ್ಕಳಿಗೆ ಒಂದೇ ಹೆಸರಿಟ್ಟು, ಗುರುತು ಬೇಕಾದರೆ ಮಚ್ಚೆ ನೋಡಿಕೊಳ್ಳಿ ಎಂದಂತಾಯಿತು.

ನನಗೆ ನಮ್ಮೂರಿನ ಕಲ್ಲು ನೆನಪಾಯಿತು. ಬೇಗೂರಿನ ನಾಗೇಶ್ವರ ದೇವಸ್ಥಾನದ ಶಾಸನದಲ್ಲಿ ಬೆಂಗಳೂರಿನ ಹೆಸರಿದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 900ರ ಸುಮಾರಿನದು, ಗಂಗರ ಎರೆಯಪ್ಪನ ಕಾಲದ್ದು. ಯುದ್ಧದಲ್ಲಿ ನಾಗತ್ತರ ಮಡಿದ ಮೇಲೆ ಅರಸು ಇರುಗನಿಗೆ ‘ಬೆಂಪೂರು ಹನ್ನೆರಡು’ ಎಂಬ ನಾಡನ್ನು ಕೊಟ್ಟ ಸಂಗತಿ ಅದರಲ್ಲಿದೆ. ಹನ್ನೆರಡು ಎಂದು ಬರೆದು ಬಿಟ್ಟಿಲ್ಲ. ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಕೊರೆದಿದ್ದಾರೆ. ಕಲ್ಲಿನಲ್ಲಿ ಕೊರೆಯುವುದು ಎಷ್ಟು ಕಷ್ಟ! ಆದರೂ ಸಂಖ್ಯೆಯ ಒಳಗೆ ಏನಿದೆಯೆಂದು ಹೇಳದಿದ್ದರೆ ಕೊಟ್ಟದ್ದು ಕೊಟ್ಟಂತಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮೆಮೊರಿಯ ಮಹತ್ವವನ್ನು ಮಗ ಮೆಟ್ರೊದಲ್ಲಿ ನಿಂತುಕೊಂಡೇ ವಿವರಿಸಿದ. ಅಡುಗೆ ಕಟ್ಟೆ ಚಿಕ್ಕದಾದರೆ ಪದಾರ್ಥಗಳಿಗಾಗಿ ಪದೇ ಪದೇ ಉಗ್ರಾಣಕ್ಕೆ ಓಡಬೇಕು, ಒಲೆ ಸುಮ್ಮನೆ ಉರಿಯುತ್ತಿರುತ್ತದೆ. ಹಾಗೆಯೇ 8 ಜಿಬಿ ಸಾಲದ ದೊಡ್ಡ ಆಟಗಳಲ್ಲಿ ಚಿತ್ರ ಆಗಾಗ ತಡವರಿಸುತ್ತದೆ. ಆದರೆ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ. ಆದ್ದರಿಂದ ಪ್ರಾಮಾಣಿಕವಾಗಿ ಪರೀಕ್ಷೆ ಮಾಡುವವರು ಸರಾಸರಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಕೊಡುತ್ತಾರೆ. ಅತ್ಯಂತ ನಿಧಾನವಾದ ಶೇಕಡ ಒಂದರಷ್ಟು ಚಿತ್ರಗಳು ಎಷ್ಟು ವೇಗದಲ್ಲಿ ಬಂದವು ಎಂಬುದು ಆ ಅಂಕಿ. “ಕೊನೇ ಬೆಂಚಿನವರ ಅಂಕ ಬೇರೆ ಬರೆದ ಹಾಗೆ. ಕಾರ್ಡಿನ ಯೋಗ್ಯತೆ ಗೊತ್ತಾಗೋದೇ ಅದರಲ್ಲಿ” ಎಂದ.

ನಾನು ಏನೂ ಹೇಳಲಿಲ್ಲ. ಆ ಮಾತು ನನಗೆ ಎಲ್ಲಿ ತಾಗಿತೆಂದು ಅವನಿಗೆ ಗೊತ್ತಿರಲಿಲ್ಲ.

ಹದಿನಾರರ ಕಾರ್ಡಿಗೆ ನನ್ನ ಮೂವತ್ತಮೂರು ಸಾವಿರ ಸಾಲದು. ಮಗ ತನ್ನ ಹಳೆಯ ಕಾರ್ಡನ್ನು ಏಳು ಸಾವಿರಕ್ಕೆ ಮಾರಿ ಸೇರಿಸುತ್ತೇನೆಂದ. ಅದು ಜಿಟಿಎಕ್ಸ್ 1660 ಸೂಪರ್, 2022ರ ಕೊನೆಯಲ್ಲಿ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು. ಆ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಕಾರ್ಡುಗಳಿಂದ ‘ಅಗೆಯುವುದು’ ನಿಂತುಹೋಗಿ, ಹಗಲು ರಾತ್ರಿ ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದಿದ್ದವು. ಇದೂ ಅಂಥದೇ. ಒಂದು ಗಂಟೆ ಆಡಿದರೆ ಕಾದು ಕೆಂಡವಾಗಿ ಪರದೆ ಕಪ್ಪಾಗುತ್ತಿತ್ತು. ಮಗ ಒಂದು ವರ್ಷದಿಂದ ಹಾಗೆಯೇ ಸಂಭಾಳಿಸುತ್ತಿದ್ದ.

ಕೊಳ್ಳಲು ಬಂದವನು ಹೊಂಗಸಂದ್ರದ ಹುಡುಗ. ಬಾಗಿಲಲ್ಲಿ ನನ್ನನ್ನು ಕಂಡದ್ದೇ “ಮಿಸ್, ಇದು ನಿಮ್ಮ ಮನೆಯಾ!” ಎಂದು ಹಿಗ್ಗಿದ. ನನ್ನ ಹಳೆಯ ವಿದ್ಯಾರ್ಥಿ. ತಾಯಿ ಹೊಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾರೆ. ಇವನು ಡಿಪ್ಲೊಮಾ ಓದುತ್ತ, ರಜೆಯಲ್ಲಿ ಪಾರ್ಸೆಲ್ ಹಂಚಿ ಹಣ ಕೂಡಿಸಿದ್ದ. ಎಷ್ಟು ಎಫ್‌ಪಿಎಸ್ ಬರುತ್ತದೆಂದು ಕೇಳಿದ. ಮಗ ಹತ್ತು ನಿಮಿಷ ಆಟ ಓಡಿಸಿ ತೋರಿಸಿದ. ಸರಾಸರಿ ಎಪ್ಪತ್ತು. “ಇನ್ನೂ ಸ್ವಲ್ಪ ಹೊತ್ತು ಆಡಿ ನೋಡ್ತೀಯಾ?” ಎಂದು ಮಗ ಕೇಳಿದ್ದಕ್ಕೆ, “ಮಿಸ್ ಮನೇದು ಅಂದ್ಮೇಲೆ ಚೆಕ್ ಮಾಡೋದೇನಿದೆ ಅಣ್ಣ” ಎಂದು ಒಂದು ಸಾವಿರ ಮುಂಗಡ ಕೊಟ್ಟು, ಎರಡು ದಿನ ಬಿಟ್ಟು ಬರುತ್ತೇನೆಂದು ಕಾಫಿ ಕುಡಿದು ಹೋದ.

ಅವನು ಗೇಟು ದಾಟಿದ ಮೇಲೆ ಕೇಳಿದೆ. “ಬಿಸಿ ಆಗಿ ನಿಲ್ಲುತ್ತೆ ಅಂತ ಯಾಕೆ ಹೇಳಲಿಲ್ಲ?”

“ಅವನು ಕೇಳಲಿಲ್ಲ ಅಮ್ಮ. ನಾನು ಹೇಳಿದ್ದರಲ್ಲಿ ಒಂದು ಸುಳ್ಳು ತೋರಿಸು. ಎಪ್ಪತ್ತು ಬರುತ್ತೆ, ಅವನೇ ಕಣ್ಣಾರೆ ನೋಡಿದ. ನಾನು ಕೊಂಡಾಗ ನನಗೆ ಯಾರು ಹೇಳಿದ್ರು?”

ಸುಲಭಕ್ಕೆ ಉತ್ತರಿಸುವ ಮಾತಲ್ಲ. ಟೊಮೇಟೊ ಮಾರುವವರು ಪ್ರತಿಯೊಂದು ಮಚ್ಚೆಯನ್ನೂ ತೋರಿಸಿ ಮಾರುತ್ತಾರೆಯೇ? ಕೊಳ್ಳುವವನೂ ಕಣ್ಣು ಬಿಟ್ಟು ಕೊಳ್ಳಬೇಡವೇ? ದೊಡ್ಡ ಕಂಪನಿಗಳೇ ಏನು ಮಾಡಿವೆ? ಎನ್ವಿಡಿಯಾ 2014ರಲ್ಲಿ ಜಿಟಿಎಕ್ಸ್ 970ನ್ನು 4 ಜಿಬಿ ಕಾರ್ಡೆಂದು ಮಾರಿತು. ನಾಲ್ಕು ಜಿಬಿ ಇದ್ದದ್ದು ನಿಜ. ಅದರಲ್ಲಿ ಕೊನೆಯ ಅರ್ಧ ಜಿಬಿ ತೀರಾ ನಿಧಾನವೆಂಬುದು ಮರುವರ್ಷ ಹೊರಬಿತ್ತು. 2016ರಲ್ಲಿ ಅಮೆರಿಕದ ಮೊಕದ್ದಮೆಯಲ್ಲಿ ಕೊಂಡವರಿಗೆ ಕಾರ್ಡಿಗೆ 30 ಡಾಲರಿನಂತೆ ಕೊಡಲು ಒಪ್ಪಿತು. ಎಎಂಡಿಯೂ ತನ್ನ ಕೆಲವು ಪ್ರೊಸೆಸರುಗಳಿಗೆ ಎಂಟು ಕೋರ್‌ಗಳಿವೆ ಎಂದು ಮಾರಿದ್ದಕ್ಕೆ 2019ರಲ್ಲಿ 1.21 ಕೋಟಿ ಡಾಲರಿನ ರಾಜಿ ಮಾಡಿಕೊಂಡಿತು. ಧರ್ಮರಾಯನೂ ಸುಳ್ಳು ಹೇಳಲಿಲ್ಲ. ಸತ್ತದ್ದು ಆನೆಯೆಂಬುದನ್ನು ಮೆಲ್ಲಗೆ ಹೇಳಿದ, ಅಷ್ಟೆ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದಿನಿಂದ ನೆಲಕ್ಕೆ ತಾಗಿತಂತೆ.

ಇದನ್ನೆಲ್ಲ ಹೇಳಿ ಮಗನನ್ನು ಸುಮ್ಮನಾಗಿಸಬಹುದಿತ್ತು. ಆದರೆ ಹಾಗೆ ಹೇಳಲು ನನಗೆ ಯೋಗ್ಯತೆ ಇರಲಿಲ್ಲ. ಅದಕ್ಕೇ ಹದಿನಾಲ್ಕು ವರ್ಷ ಯಾರಿಗೂ ಹೇಳದ ಒಂದು ವಿಷಯವನ್ನು ಅವನಿಗೆ ಹೇಳಿದೆ.

2011ರಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಹತ್ತನೆಯ ತರಗತಿಗೆ ನಲವತ್ತಮೂರು ಮಕ್ಕಳಿದ್ದರು. ನಲವತ್ತೆರಡು ಮಂದಿ ಪಾಸಾಗುವುದು ಖಂಡಿತವಿತ್ತು. ಒಬ್ಬನದು ಅನುಮಾನ. ಕೊನೆಯ ಬೆಂಚಿನವನು, ಗಣಿತದಲ್ಲಿ ಸೋಲುತ್ತಿದ್ದವನು, ಆದರೆ ಕನ್ನಡ ಪದ್ಯಗಳನ್ನು ನನಗಿಂತ ಚೆನ್ನಾಗಿ ಓದುತ್ತಿದ್ದವನು. ಅವನ ತಾಯಿಯನ್ನು ಕರೆಸಿ ಮಾತಾಡುವ ಕೆಲಸ ನನಗೆ ಬಂತು. “ಈ ವರ್ಷ ಶಾಲೆಯಿಂದ ಕಟ್ಟೋದು ಬೇಡಮ್ಮ. ಇನ್ನೊಂದು ವರ್ಷ ಸಿಕ್ಕರೆ ಚೆನ್ನಾಗಿ ಓದ್ಕೋತಾನೆ, ಖಾಸಗಿಯಾಗಿ ಕಟ್ಟಲಿ” ಎಂದೆ. ಒಂದೂ ಸುಳ್ಳಲ್ಲ. ಇನ್ನೊಂದು ವರ್ಷ ಸಿಕ್ಕಿದ್ದರೆ ಅವನು ಓದಿಕೊಳ್ಳಬಹುದಿತ್ತು. ಶಾಲೆಗೆ ಶೇಕಡ ನೂರು ಬೇಕಾಗಿದೆ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ. ಆಕೆ ಕೇಳಲೂ ಇಲ್ಲ. ಮಿಸ್ ಹೇಳಿದ್ದಾರೆ ಎಂದು ಒಪ್ಪಿಕೊಂಡರು. ಫಲಿತಾಂಶ ಬಂದ ದಿನ ಗೇಟಿನ ಮೇಲೆ ಬ್ಯಾನರ್ ಏರಿತು, ‘ಶೇಕಡ 100’. ನಲವತ್ತೆರಡಕ್ಕೆ ನಲವತ್ತೆರಡು. ಅಂಕಿ ನಿಜ. ಹುಡುಗ ಮರುವರ್ಷ ಪರೀಕ್ಷೆಗೆ ಕೂರಲಿಲ್ಲ. ನೀರಿನ ಕ್ಯಾನ್ ಹಾಕುವ ಗಾಡಿಯಲ್ಲಿ ಕೆಲಸಕ್ಕೆ ಸೇರಿದನೆಂದು ಮಕ್ಕಳು ಹೇಳಿದರು.

ಹೇಳಿ ಮುಗಿಸಿದಾಗ ಮಗ ನೆಲ ನೋಡುತ್ತಿದ್ದ. “ನಿನಗೆ ಬುದ್ಧಿ ಹೇಳೋಕೆ ಹೇಳಿದ್ದಲ್ಲ. ಆ ಹುಡುಗ ಈವತ್ತು ನನ್ನ ಮುಖ ನೋಡಿ ದುಡ್ಡು ಕೊಟ್ಟ. ಆವತ್ತು ಆ ತಾಯಿಯೂ ನನ್ನ ಮುಖ ನೋಡಿಯೇ ನಂಬಿದ್ದು” ಎಂದೆ.

ಆಮೇಲೆ ನನ್ನಷ್ಟಕ್ಕೆ ನಾನು ಯೋಚಿಸಿ ಒಂದು ಅಳತೆ ಮಾಡಿಕೊಂಡಿದ್ದೇನೆ. ಎಲ್ಲವನ್ನೂ ಎಲ್ಲರಿಗೂ ಹೇಳಲಾಗುವುದಿಲ್ಲ, ನಿಜ. ಆದರೆ ಎರಡು ಪ್ರಶ್ನೆ ಕೇಳಿಕೊಳ್ಳಬಹುದು. ನನಗೆ ಗೊತ್ತಿರುವ ಈ ವಿಷಯ ಎದುರಿನವರಿಗೆ ನೋಡಿದರೆ ತಿಳಿಯುವಂಥದೇ? ತಿಳಿದಿದ್ದರೆ ಅವರ ತೀರ್ಮಾನ ಬದಲಾಗುತ್ತಿತ್ತೇ? ಟೊಮೇಟೊದ ಮಚ್ಚೆ ಕಣ್ಣಿಗೆ ಕಾಣುತ್ತದೆ. ಒಂದು ಗಂಟೆಯ ನಂತರದ ಬಿಸಿ ಹತ್ತು ನಿಮಿಷದಲ್ಲಿ ಕಾಣುವುದಿಲ್ಲ. ನನಗೂ ಯಾರೂ ಹೇಳಲಿಲ್ಲ ಎಂಬ ಮಾತಿಗಂತೂ ಕೊನೆಯೇ ಇಲ್ಲ. ಹಾಗೆನ್ನುತ್ತ ಕೈಯಿಂದ ಕೈಗೆ ದಾಟಿಸಿದರೆ ಕೆಟ್ಟ ಕಾರ್ಡು ಕೊನೆಗೆ ನಿಲ್ಲುವುದು ಇನ್ನೊಬ್ಬರಿಗೆ ದಾಟಿಸಲಾಗದವನ ಕೈಯಲ್ಲಿ, ಸಾಮಾನ್ಯವಾಗಿ ಎಲ್ಲರಿಗಿಂತ ಕಡಿಮೆ ಹಣವಿರುವವನ ಕೈಯಲ್ಲಿ.

ರಾತ್ರಿ ಮಗ ಹುಡುಗನಿಗೆ ಫೋನು ಮಾಡಿದ. ಇದ್ದದ್ದನ್ನು ಹೇಳಿ, ಬೇಡವಾದರೆ ಮುಂಗಡ ವಾಪಸು ಕೊಡುತ್ತೇನೆಂದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗನೇ ಲೆಕ್ಕ ಹಾಕಿ ಹೇಳಿದನಂತೆ. “ಗೊತ್ತಾದ್ರೆ ಸಾಕು ಅಣ್ಣ. ಪೇಸ್ಟ್ ಬದಲಾಯಿಸಿ, ಡಬ್ಬದ ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಇಟ್ಕೋತೀನಿ. ನಾಲ್ಕು ಸಾವಿರಕ್ಕೆ ಕೊಡ್ತೀರಾ?” ಕೊಟ್ಟ. ದೋಷ ತಿಳಿದವನು ಅದರ ಜೊತೆ ಬಾಳುವ ದಾರಿಯನ್ನೂ ಹುಡುಕಿಕೊಳ್ಳುತ್ತಾನೆ. ಆ ಅವಕಾಶವನ್ನೇ ನಾನು 2011ರಲ್ಲಿ ಒಬ್ಬ ತಾಯಿಯಿಂದ ಕಿತ್ತುಕೊಂಡಿದ್ದೆ.

ಮೂರು ಸಾವಿರ ಕಡಿಮೆ ಬಿತ್ತು. ನಾನು ಕೊಡುತ್ತೇನೆಂದರೆ ಮಗ ಒಪ್ಪಲಿಲ್ಲ. ಎಂಟರದ್ದೇ ಸಾಕೆಂದು ಹಟ ಹಿಡಿದ. ಕೊನೆಗೆ ಹಸಿರು ಪಕ್ಷದ ಅಣ್ಣನ ಮಗನೇ ಮೂರು ಸಾವಿರ ಮುಂದಿಟ್ಟು, “ವಿರೋಧ ಪಕ್ಷಕ್ಕೆ ನನ್ನ ದೇಣಿಗೆ” ಎಂದ. ಹದಿನಾರರ ಕೆಂಪು ಕಾರ್ಡು ಮನೆಗೆ ಬಂತು. ಅದರ ಬೆಲೆಗೆ ತಕ್ಕ ಕೆಲಸವಿದೆಯೇ ಎಂಬ ವಾದ ಮಾತ್ರ ಮಜ್ಜಿಗೆಯ ಹೊತ್ತಿನಲ್ಲಿ ಇನ್ನೂ ನಡೆದೇ ಇದೆ.

ಆ ಹುಡುಗನ ತಾಯಿಯನ್ನು ಈಚೆಗೆ ಬೇಗೂರು ಕೆರೆಯ ಹತ್ತಿರ ಕಂಡೆ. ತಲೆ ನರೆತಿದೆ. “ಚೆನ್ನಾಗಿದ್ದೀರಾ ಮಿಸ್?” ಎಂದು ಅವರೇ ಮೊದಲು ಮಾತಾಡಿಸಿದರು. ಮಗನ ಬಗ್ಗೆ ಕೇಳಿದೆ. ಈಗ ಅವನದೇ ಗಾಡಿ, ಎರಡು ಮಕ್ಕಳು ಎಂದರು. ಹೇಳಬೇಕಾದ್ದನ್ನು ಅಲ್ಲೇ ನಿಂತು ಹೇಳಿದೆ. ನೂರರ ಬ್ಯಾನರಿನ ವಿಷಯ, ಆವತ್ತು ಕರೆಸಿದ್ದೇಕೆ ಎಂಬುದು, ಎಲ್ಲ. ಆಕೆ ಕೆರೆಯ ಕಡೆ ನೋಡುತ್ತ ಕೇಳಿಸಿಕೊಂಡರು. “ಆವತ್ತೇ ಹೇಳಿದ್ರೆ ಹೇಗಾದ್ರೂ ಮಾಡಿ ಕಟ್ಟಿಸ್ತಿದ್ದೆ ಮಿಸ್” ಎಂದರು. ಬೈಯಲಿಲ್ಲ. ಸೆರಗು ಹೊದ್ದು ನಡೆದುಹೋದರು.